ಬುಲೆಟ್ ರೈಲಿನ ಮಣ್ಣಿನ ರಸ್ತೆ, ಗದ್ದೆಯಲ್ಲಿ ನಿಂತ ನೀರು: ವಕೀಲರಿಗೊಂದು ಪ್ರಶ್ನೆ

ಪ್ರಶ್ನೆ (ವಿರಾರ್‌ನಿಂದ ಒಬ್ಬ ಸದಸ್ಯೆ):
ನಮಸ್ಕಾರ ಮೇಡಂ. ನಮ್ಮ ಮಾವ ಕುಂದಾಪುರ ಕಡೆಯವರು. ನಲವತ್ತು ವರ್ಷದಿಂದ ಪಾಲ್ಘರ್ ತಾಲೂಕಿನಲ್ಲಿ ಬೇಸಾಯ ಮಾಡುತ್ತಿದ್ದಾರೆ. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿಗೆ ಭತ್ತದ ಗದ್ದೆಯ ನಡುವಿನ ಒಂದು ಪಟ್ಟಿ ಹೋಯಿತು, ದುಡ್ಡೂ ಬಂತು. ರೈಲು ಕಂಬಗಳ ಮೇಲೆ ಹೋಗುತ್ತದೆ, ಉಳಿದ ಗದ್ದೆಗೆ ತೊಂದರೆ ಇಲ್ಲ ಅಂದಿದ್ದರು. ಈಗ ಗುತ್ತಿಗೆದಾರರು ಡಂಪರ್ ಓಡಿಸಲು ಮಣ್ಣು ತುಂಬಿ ರಸ್ತೆ ಮಾಡಿದ್ದಾರೆ, ನೀರು ಹರಿದುಹೋಗುವ ತೋಡು ಮುಚ್ಚಿಹೋಗಿದೆ. ಮೇಲಿನ ಗದ್ದೆಯಲ್ಲಿ ಹದಿನೈದು ದಿನದಿಂದ ನೀರು ನಿಂತು ನಾಟಿ ಕೊಳೆಯುತ್ತಿದೆ. ಕೇಳಿದರೆ "ಪೈಸಾ ತೋ ಮಿಲ್ ಗಯಾ ನಾ" (ದುಡ್ಡು ಸಿಕ್ಕಿತಲ್ಲ) ಅನ್ನುತ್ತಾರೆ. ಮಾವ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಏನು ಮಾಡೋಣ?

ಉತ್ತರ (ವಕೀಲರು):
ಮಾವನವರಿಗೆ ಮೊದಲು ಒಂದು ಮಾತು ಹೇಳಿ. ಸಿಕ್ಕಿದ್ದು ಹೋದ ಪಟ್ಟಿಯ ದುಡ್ಡು. ಉಳಿದ ಗದ್ದೆ ಹಾಳುಮಾಡಲು ಯಾರೂ ಅದರಲ್ಲಿ ಅನುಮತಿ ಕೊಂಡುಕೊಂಡಿಲ್ಲ.

508 ಕಿ.ಮೀ. ದಾರಿಯಲ್ಲಿ ಮಹಾರಾಷ್ಟ್ರದ ಪಾಲು ಸುಮಾರು 156 ಕಿ.ಮೀ. ಪಾಲ್ಘರ್‌ನಂಥ ಕಡೆ ಕಂಬಗಳು ನೀರನ್ನು ಅಷ್ಟು ತಡೆಯುವುದಿಲ್ಲ. ತಡೆಯುವುದು ಇಂಥ ತಾತ್ಕಾಲಿಕ ರಸ್ತೆಗಳೇ.

ಪರಿಹಾರದ ಲೆಕ್ಕ ಆಮೇಲೆ. ನೀರು ನಿಂತಿರುವಾಗಲೇ ಪಂಚನಾಮೆ (ಸ್ಥಳ ಮಹಜರು) ಆಗಬೇಕು, ಇಳಿದ ಮೇಲೆ ಸಾಕ್ಷಿಯೇ ಇರುವುದಿಲ್ಲ. ನಾಳೆಯೇ ಮರಾಠಿಯಲ್ಲಿ ಅರ್ಜಿ ಬರೆದು ತಹಶೀಲ್ದಾರರಿಗೆ ಕೊಡಿ, ಪ್ರಾಂತ ಅಧಿಕಾರಿಗೂ (ಉಪವಿಭಾಗಾಧಿಕಾರಿ) ಒಂದು ಪ್ರತಿ. ಎರಡೂ ಕಡೆ ಪೋಚ್, ಅಂದರೆ ಸ್ವೀಕೃತಿ ರಸೀದಿ, ತಪ್ಪದೆ ತೆಗೆದುಕೊಳ್ಳಿ. ತಲಾಠಿ (ಗ್ರಾಮ ಲೆಕ್ಕಿಗರು) ಮತ್ತು ಕೃಷಿ ಸಹಾಯಕರು ಬಂದು ನೋಡಲಿ ಎಂದು ಕೇಳಿ. ಸಾತ್‌ಬಾರಾ ಉತಾರ (ನಮ್ಮ ಕಡೆಯ ಪಹಣಿ), ದಿನಾಂಕ ಬರುವ ಫೋಟೊ ಲಗತ್ತಿಸಿ. ತೋಡಿನ ಹಳೆಯ ಫೋಟೊ ಇದ್ದರೆ ಬಂಗಾರ.

ಜೊತೆಗೆ 1906ರ ಮಾಮಲೇದಾರ್ ಕೋರ್ಟ್ ಕಾಯ್ದೆಯ ಕಲಂ 5. ಬೇಸಾಯಕ್ಕೆ ಹಾನಿಯಾಗುವಂತೆ ಸಹಜವಾಗಿ ಹರಿಯುವ ನೀರಿಗೆ ಕಾನೂನಿನ ಅಧಿಕಾರವಿಲ್ಲದೆ ಅಡ್ಡ ಹಾಕಿದರೆ, ಅದನ್ನು ತೆಗೆಸುವ ಅಧಿಕಾರ ಮಾಮಲೇದಾರರಿಗೆ, ಅಂದರೆ ತಹಶೀಲ್ದಾರರಿಗೆ ಇದೆ. ಅಡ್ಡ ಬಿದ್ದ ಆರು ತಿಂಗಳೊಳಗೆ ದಾವೆ ಹಾಕಬೇಕು. "ನಮಗೆ ಅನುಮತಿ ಇದೆ" ಅಂದರೆ ಆ ಅನುಮತಿ ಪತ್ರ, ಮೋರಿ ಪೈಪ್ ತೋರಿಸಿದ ನಕ್ಷೆ ಕೊಡಿ ಅನ್ನಿ. ನೂರು ವರ್ಷ ದಾಟಿದ ಈ ಕಾಯ್ದೆ ರೈತನಿಗೆ ಇಂದಿಗೂ ಹತ್ತಿರದ ಬಾಗಿಲು ಎಂದು ನಾನು ನಂಬಿದ್ದೇನೆ.

ರಸ್ತೆ ನಿಮ್ಮ ಉಳಿದ ಜಾಗದ ಮೇಲೆಯೇ ಬಿದ್ದಿದೆಯೇ ಅಂತ ಮೋಜಣಿ ಮಾಡಿಸಿ. ಬಿದ್ದಿದ್ದರೆ ಅದು ಬೇರೆಯೇ ವಿಷಯ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ತಾತ್ಕಾಲಿಕ ಬಳಕೆಗೂ ಕಲಂ 81 ಇದೆ: ಮೂರು ವರ್ಷದ ಮಿತಿ, ಪ್ರತ್ಯೇಕ ಪರಿಹಾರ.

ದುಡ್ಡು ಬಂದದ್ದು ನೇರ ಖರೀದಿಯ ಪತ್ರಕ್ಕೋ, ಜಿಲ್ಲಾಧಿಕಾರಿಯ ಅವಾರ್ಡಿಗೋ (ಪರಿಹಾರ ನಿಗದಿ ಮಾಡಿದ ಆದೇಶ)?

ಪ್ರಶ್ನೆ ಕೇಳಿದವರು:
ಅವಾರ್ಡ್, ಮೇಡಂ. ಕಳೆದ ತಿಂಗಳು. ತಕರಾರು ಇದೆ ಅಂತ ಬರೆದೇ ಸಹಿ ಹಾಕಿದ್ದಾರೆ.

ಉತ್ತರ:
ಒಳ್ಳೆಯದು ಮಾಡಿದರು. ಹಾಗೆ ಬರೆಯದಿದ್ದರೆ ಮುಂದಿನ ದಾರಿ ಮುಚ್ಚಿಹೋಗುತ್ತಿತ್ತು. ಅವಾರ್ಡ್ ಹೊತ್ತಿಗೆ ಹಾಜರಿದ್ದರೆ ಆ ದಿನದಿಂದ ಆರು ವಾರದೊಳಗೆ ಅದೇ 2013ರ ಕಾಯ್ದೆಯ ಕಲಂ 64ರಲ್ಲಿ ಅವಾರ್ಡಿನ ಮೇಲಿನ ತಕರಾರು ಅರ್ಜಿ ಕೊಡಬೇಕು. ದಿನ ಎಣಿಸಿ, ತಡಮಾಡಬೇಡಿ. ಗದ್ದೆ ಎರಡು ತುಂಡಾದ ನಷ್ಟ, ಉಳಿದ ಆಸ್ತಿಗೂ ದುಡಿಮೆಗೂ ಆದ ಹಾನಿ, ಇವೆಲ್ಲ ಕಲಂ 28ರಲ್ಲಿ ಬರುತ್ತವೆ. ಅವಾರ್ಡಿನಲ್ಲಿ ಅದಕ್ಕೆ ಏನೂ ಹಿಡಿದಿಲ್ಲವಾದರೆ ಅದನ್ನೇ ಮುಂದಿಡಿ.

ಪ್ರಶ್ನೆ ಕೇಳಿದವರು:
ಇನ್ನೊಂದು, ಮೇಡಂ. ಅರ್ಧ ಗದ್ದೆ ಪಾಲಿಗೆ ಮಾಡುವುದು ವಾರ್ಲಿ ಆದಿವಾಸಿ ಕುಟುಂಬ. ಅವರಿಗೆ ಏನೂ ಸಿಕ್ಕಿಲ್ಲ. ಮಾವನಿಗೆ ಅದೇ ಹೆಚ್ಚು ನೋವು.

ಉತ್ತರ:
ಇದನ್ನು ಕೇಳಿದ್ದಕ್ಕೆ ನಿಮಗೆ ಕೈಮುಗಿಯುತ್ತೇನೆ. ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಅಲ್ಲೇ ದುಡಿದು, ಅದರಿಂದಲೇ ಮುಖ್ಯವಾಗಿ ಬದುಕುತ್ತಿದ್ದು, ಈಗ ಆ ಬದುಕಿಗೆ ಪೆಟ್ಟು ಬಿದ್ದಿದ್ದರೆ, ಜಮೀನಿಲ್ಲದ ಪಾಲುದಾರರೂ ಕೂಲಿಯವರೂ ಅದೇ ಕಾಯ್ದೆಯ ಕಲಂ 3ರಲ್ಲಿ "ಬಾಧಿತ ಕುಟುಂಬ". ಸಾತ್‌ಬಾರಾದಲ್ಲಿ ಹೆಸರಿಲ್ಲದಿದ್ದರೆ ಅವರು ದುಡಿದದ್ದಕ್ಕೆ ಮಾವನವರು ಪ್ರಮಾಣಪತ್ರ ಬರೆದುಕೊಡಲಿ, ಗ್ರಾಮಸಭೆಯಲ್ಲೂ ವಿಷಯ ಎತ್ತಲಿ. ಅವರ ಅರ್ಜಿ ಪ್ರತ್ಯೇಕವಾಗಿ, ಅವರ ಹೆಸರಿನಲ್ಲೇ ಹೋಗಬೇಕು. ಶನಿವಾರ ಎರಡೂ ಮನೆಯವರು ಕಾಗದಪತ್ರ ಹಿಡಿದು ಬನ್ನಿ, ಎರಡು ಅರ್ಜಿಯನ್ನೂ ಕೂತು ಬರೆಯೋಣ. ಅದಕ್ಕೆ ನನಗೆ ಫೀಸು ಬೇಡ.