ಮನೆಯಲ್ಲೇ ಬೈಕ್ ತೊಳೆಯುವುದು ಹೇಗೆ?

ಪ್ರಶ್ನೆ: ಮಳೆಗಾಲ ಅಲ್ವಾ, ಮಡ್‌ಗಾರ್ಡ್ ಒಳಗೆಲ್ಲ ಕೆಸರು ಗಟ್ಟಿಯಾಗಿ ಕೂತಿದೆ. ಬಕೆಟ್, ಪೈಪ್ ಅಷ್ಟೇ ಇದೆ. ಬಟ್ಟೆ ಸೋಪಿನ ಪುಡಿ ಹಾಕಬಹುದಾ?

ಉತ್ತರ 1: ಬೇಡ ಗುರು, ಪೇಂಟಿನ ಹೊಳಪು ಹೋಗುತ್ತದೆ. ಬೈಕ್ ಶಾಂಪೂ ತಗೊಳ್ಳಿ. ಎಂಜಿನ್ ಪೂರ್ತಿ ತಣ್ಣಗಾಗಲಿ, ಸೈಲೆನ್ಸರ್ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಮೊದಲು ಕೆಸರು ನೆನೆಯಲು ಬಿಡಿ. ಒಣ ಮಣ್ಣಿನ ಮೇಲೆ ಬಟ್ಟೆ ಉಜ್ಜಿದರೆ ಟ್ಯಾಂಕ್ ತುಂಬಾ ಗೀರು.

ಉತ್ತರ 2: ಚೈನ್ ಉಜ್ಜುವಾಗ ಎಂಜಿನ್ ಆಫ್ ಇರಲಿ, ಚಕ್ರ ಕೈಯಲ್ಲೇ ತಿರುಗಿಸಿ. ಗೇರ್ ಹಾಕಿ ತಿರುಗಿಸುವವರೂ ಇದ್ದಾರೆ, ಬೆರಳು ಜಾಸ್ತಿ ಆಗಿರಬೇಕು! ಒಣಗಿದ ಮೇಲೆ ಚೈನಿಗೆ ಲ್ಯೂಬ್ (ಚೈನ್ ಎಣ್ಣೆ) ಹಾಕಿ, ಬ್ರೇಕ್ ಡಿಸ್ಕಿಗೆ ತಾಗಬಾರದು.

ಪ್ರಶ್ನೆ ಕೇಳಿದವರು: ನಮ್ಮದು ಬೋರ್‌ವೆಲ್ ನೀರು, ಬಿಳಿ ಕಲೆ ಬೀಳಲ್ವಾ?

ಉತ್ತರ 1: ಬಿಸಿಲಲ್ಲಿ ಸುಮ್ನೆ ಒಣಗಲು ಬಿಟ್ಟರೆ ಬೀಳುತ್ತದೆ. ನೆರಳಲ್ಲಿ ತೊಳೆದು ತಕ್ಷಣ ಒರೆಸಿ. ಆಮೇಲೆ ನಿಧಾನಕ್ಕೆ ಓಡಿಸಿ ಬ್ರೇಕ್ ಹಿಡಿದು ನೋಡಿ, ಒದ್ದೆ ಇದ್ದಾಗ ಸರಿಯಾಗಿ ಹಿಡಿಯುವುದಿಲ್ಲ.