ಸಮನ್ಸ್ ವಾಪಸು ಕಳಿಸಿದರೆ ಕೇಸು ನಿಲ್ಲುತ್ತದೆಯೇ? (ಪ್ರಶ್ನೋತ್ತರ)

ಮಲೆನಾಡಿಗ: ಮೇಡಂ, ಸ್ನೇಹಿತರೊಬ್ಬರ ಆರು ಲಕ್ಷದ ಕೈಸಾಲಕ್ಕೆ ನಮ್ಮ ತಂದೆ ಜಾಮೀನು ನಿಂತಿದ್ದರು. ಹೋದ ವರ್ಷ ತೀರಿಕೊಂಡರು. ಈಗ ಸಾಲ ಕೊಟ್ಟವರು ಹುಬ್ಬಳ್ಳಿಯಲ್ಲಿ ಸ್ನೇಹಿತರ ಮೇಲೂ ನನ್ನ ಮೇಲೂ ದಾವೆ ಹೂಡಿದ್ದಾರಂತೆ. ನಾನಿರುವುದು ಸಾಗರದಲ್ಲಿ. "ಬೇರೆ ಊರಿನ ಕೋರ್ಟಿನ ಸಮನ್ಸ್ ಮುಟ್ಟಬೇಡಿ, ಕೇಸು ತಾನಾಗಿ ಬಿದ್ದುಹೋಗುತ್ತದೆ" ಎಂಬ ವಾಟ್ಸ್‌ಆ್ಯಪ್ ಸಂದೇಶ ನಂಬಿ ಅಂಚೆಯವನನ್ನು ಗೇಟಿನಿಂದಲೇ ಕಳಿಸಿಬಿಟ್ಟೆ. ಲಕೋಟೆಯ ಮೇಲೆ ಏನೋ ಗೀಚಿಕೊಂಡು ಹೋದ. 24 ದಿನವಾಯಿತು.

ವಕೀಲರು: ಅವನು ಗೀಚಿದ್ದು "ನಿರಾಕರಿಸಿದ್ದಾರೆ" ಎಂದು. ಅಷ್ಟು ಸಾಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದಂತೆ ಸಮನ್ಸ್ ಜಾರಿಯಾಗಿದೆ ಎಂದೇ ನ್ಯಾಯಾಲಯ ಹೇಳುತ್ತದೆ. ಲಿಖಿತ ಹೇಳಿಕೆಗೆ, ಅಂದರೆ ದಾವೆಗೆ ನಿಮ್ಮ ಉತ್ತರಕ್ಕೆ, 30 ದಿನ. ತಕ್ಕ ಕಾರಣ ಕೊಟ್ಟು 90ರವರೆಗೆ ಕೇಳಬಹುದು. ನಿಮಗೆ ವಾಯಿದೆಯ ದಿನಾಂಕವೂ ಗೊತ್ತಿಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ನಿಮ್ಮ ಹೆಸರು ಹಾಕಿ ಇಂದೇ ಹುಡುಕಿ. ಆ ದಿನ ಯಾರೂ ನಿಲ್ಲದಿದ್ದರೆ ಏಕಪಕ್ಷೀಯ ಡಿಕ್ರಿ, ಅಂದರೆ ನಿಮ್ಮ ಮಾತು ಕೇಳದೆಯೇ ತೀರ್ಪು, ಆದೀತು. ಸಾಲ ಎಲ್ಲಿ ಕೊಟ್ಟರು?

ಮಲೆನಾಡಿಗ: ಹುಬ್ಬಳ್ಳಿಯಲ್ಲೇ. ಸಾಲದ ನೋಟಿಗೆ ತಂದೆ ಸಹಿ ಹಾಕಿದ್ದೂ ಅಲ್ಲೇ.

ವಕೀಲರು: ಹಾಗಾದರೆ ವ್ಯಾಪ್ತಿಯ ತಕರಾರು, ಅಂದರೆ ಆ ಕೋರ್ಟಿಗೆ ಈ ದಾವೆ ನಡೆಸುವ ಅಧಿಕಾರವಿಲ್ಲ ಎಂಬ ವಾದ, ನಿಲ್ಲುವುದು ಕಷ್ಟ. ವ್ಯಾಜ್ಯಕಾರಣ (ದಾವೆಗೆ ಕಾರಣವಾದ ಸಂಗತಿ) ಹುಟ್ಟಿದ ಊರಿನಲ್ಲಿ ದಾವೆ ಹೂಡಲು ಅದೇ ಸಂಹಿತೆಯ 20ನೇ ಕಲಂ ಅವಕಾಶ ಕೊಡುತ್ತದೆ. ತಕರಾರು ಇದ್ದವರೂ ಏನೇನು ತೀರ್ಮಾನವಾಗಬೇಕೆಂದು ನ್ಯಾಯಾಲಯ ಪಟ್ಟಿ ಮಾಡುವ ವಿವಾದಾಂಶ ರಚನೆಗೆ ಮೊದಲೇ ಎತ್ತಬೇಕು, ಅದೂ ಹಾಜರಾಗಿ. ನಿಮ್ಮ ನಿಜವಾದ ರಕ್ಷಣೆ ಬೇರೆ ಕಡೆ ಇದೆ. ತಂದೆಯ ಸಾಲಕ್ಕೆ ನಿಮ್ಮ ಸಂಬಳ, ಸ್ವಂತ ಗಳಿಕೆ ಹೊಣೆಯಲ್ಲ. ಅವರಿಂದ ನಿಮ್ಮ ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ, 52ನೇ ಕಲಂ. ಇದನ್ನು ಹೇಳಿಕೆಯಲ್ಲಿ ಬರೆಸಿ.

ತೋಟದವ: ತೋಟ ತೀರ್ಥಹಳ್ಳಿಯಲ್ಲಿ, ಅಣ್ಣ ಮೈಸೂರಿನಲ್ಲಿ. ಪಾಲಿನ ದಾವೆ ಎಲ್ಲಿ?

ವಕೀಲರು: ತೋಟ ಇರುವಲ್ಲಿ.

ಗುಮಾಸ್ತ: ಮೊದಲು ಸಾಲಗಾರನ ಮನೆ ಹರಾಜಾಗಬೇಕು, ಉಳಿದದ್ದಕ್ಕೆ ಮಾತ್ರ ಜಾಮೀನುದಾರ. 30 ವರ್ಷ ಕೋರ್ಟು ಕಂಡವನು ನಾನು.

ಬಯಲುಸೀಮೆ: ಕಂಡದ್ದು ಕ್ಯಾಂಟೀನೇ ಇರಬೇಕು. ಕರಾರು ಕಾಯ್ದೆಯ 128 ಓದಿ. ಬೇರೆ ಷರತ್ತಿಲ್ಲದಿದ್ದರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಇಬ್ಬರ ಮೇಲೂ ಒಟ್ಟಿಗೆ ಹೂಡಬಹುದು.

ಗುಮಾಸ್ತ: ಜಾಮೀನುದಾರನೇ ಸತ್ತ ಮೇಲೆ?

ಬಯಲುಸೀಮೆ: ಕೊಟ್ಟಾಗಿರುವ ಸಾಲ ಅವನ ಜೊತೆ ಸಾಯುವುದಿಲ್ಲ.

ಗುಮಾಸ್ತ: ನಿಮ್ಮಂಥವರಿಂದಲೇ ಜನ ಜಾಮೀನು ನಿಲ್ಲಲು ಹೆದರುವುದು.

ಹೊಸಬ: ಗ್ರಾಮ ಪಂಚಾಯಿತಿಯ ಚರಂಡಿಯಿಂದ ನಮ್ಮ ಗೋಡೆ ಬಿದ್ದಿದೆ. ಯಾರ ಮೇಲೆ ದಾವೆ?

ದೂರದೂರು: ಮೇಡಂ, ಬೇರೆ ಊರಿನ ಸಮನ್ಸ್ ತೆಗೆದುಕೊಳ್ಳಲೇಬೇಕೇ?

ವಕೀಲರು: ಮೇಲೆ ಓದಿ. ಆ ಸಂದೇಶವನ್ನು ಇನ್ನು ಯಾರೂ ಇಲ್ಲಿ ಹಾಕಬೇಡಿ. ಅದನ್ನು ಬರೆದವನು ನಿಮ್ಮ ಪರವಾಗಿ ಕಟಕಟೆಯಲ್ಲಿ ನಿಲ್ಲುವುದಿಲ್ಲ. ಗುಮಾಸ್ತರೇ, ಬಯಲುಸೀಮೆಯವರು ಹೇಳಿದ್ದು ಸರಿ. ಹೇಳಿದ ರೀತಿ ಬೇಕಿರಲಿಲ್ಲ.

ಹೊಸಬ: ನನ್ನ ಗೋಡೆಯ ವಿಷಯ?

ಮಲೆನಾಡಿಗ: ವಾಯಿದೆ ಸೋಮವಾರ ಎಂದು ಸಿಕ್ಕಿತು, ಮೇಡಂ. ಇನ್ನೊಂದು ಮಾತು. ಮನೆ ತಾಯಿಯ ಹೆಸರಿನಲ್ಲಿದೆ. ತಂದೆ ದಾನಪತ್ರ ಮಾಡಿಕೊಟ್ಟದ್ದು.

ವಕೀಲರು: ಯಾವಾಗ? ಜಾಮೀನಿಗೆ ಸಹಿ ಹಾಕುವ ಮೊದಲೋ, ಆಮೇಲೋ?

ಮಲೆನಾಡಿಗ: ಆಮೇಲೆ. ಸಾಲಗಾರರು ಕಂತು ನಿಲ್ಲಿಸಿದ ತಿಂಗಳಲ್ಲೇ…

ವಕೀಲರು: ಇಲ್ಲಿ ಇನ್ನೊಂದು ಅಕ್ಷರವೂ ಬರೆಯಬೇಡಿ. ದಾನಪತ್ರದ ನಕಲು ಹಿಡಿದು ನಾಳೆಯೇ ಹುಬ್ಬಳ್ಳಿಗೆ ಹೋಗಿ, ಅಲ್ಲಿನ ವಕೀಲರಿಗೆ ವಕಾಲತ್ತು ಕೊಡಿ.