ಬಾಣಂತಿ ಮನೆಗೆ ಯಾರನ್ನು ಕರೆಸಿದ್ರಿ? ಅನುಭವ ಹೇಳಿ

ಪ್ರಶ್ನೆ (ಕೆಂಗೇರಿಯಿಂದ): ಮಗುವಿಗೆ 12 ದಿನ. ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ, ಬಾಣಂತನಕ್ಕೆ ಬರೋಕಾಗಲ್ಲ. ಎಣ್ಣೆ-ನೀರು ಹಾಕುವವರನ್ನು ಗೊತ್ತುಮಾಡಲಾ, ಆಶಾ ಕಾರ್ಯಕರ್ತೆ ಬಂದರೆ ಸಾಕಾ?

ಅವಳಿ ಅಮ್ಮ: ನಾನು 40 ದಿನಕ್ಕೆ ಮಾತಾಡಿದ್ದೆ, ದಿನಕ್ಕೆ 900. ಮೂರನೇ ದಿನದಿಂದ ಆಟೋಗೆ ಅಂತ 80 ಸೇರಿತು. ಎಣ್ಣೆ ಅವರದ್ದೇ ಆಗಬೇಕಂತೆ, ಲೀಟರಿಗೆ 650, ಮೂರು ಲೀಟರ್. 11ನೇ ದಿನ ಊರಹಬ್ಬ ಅಂತ ಹೋದವರು ಆರು ದಿನ ಫೋನೇ ಎತ್ತಲಿಲ್ಲ. ಕೊನೆಗೆ 1,100ರ ಸೀರೆ, ಎಲೆ-ಅಡಿಕೆ ಜೊತೆ 2,000. ಒಟ್ಟು 38,210. ಡೈರಿಯಲ್ಲಿದೆ. ಆದರೆ ಇವತ್ತಿಗೂ ನನಗೆ ಸೊಂಟನೋವಿಲ್ಲ.

ಮಂಡ್ಯದ ಸೊಸೆ: ಅಬ್ಬಾ! ನನಗೆ ಆಶಾ ಅಕ್ಕನೇ ಸಾಕಾದರು. ಮಗು ಹುಟ್ಟಿದಾಗ 1.9 ಕೆಜಿ. ಆಸ್ಪತ್ರೆ ಹೆರಿಗೆ ಆದರೆ 3, 7, 14, 21, 28, 42ನೇ ದಿನ ಬರಬೇಕು, ಒಂದೂ ತಪ್ಪಿಸಲಿಲ್ಲ. 7ನೇ ದಿನ ಜೋಳಿಗೆ ತಕ್ಕಡಿಗೆ ಹಾಕಿದರೆ ಮುಳ್ಳು 1.8ಕ್ಕೆ ನಿಂತಿತು. ಅತ್ತುಬಿಟ್ಟೆ. "ಮೊದಲ ವಾರ ಇಳೀತದೆ ಕಣವ್ವ" ಅಂತ ಮಗೂನ ನನ್ನ ಬರಿ ಎದೆಗೆ ಅವಚಿ ಸೀರೆಯಲ್ಲಿ ಕಟ್ಟಿದರು. 28ನೇ ದಿನ 2.4.

ಏಳನೇ ಮಹಡಿ: ನಮ್ಮ ಅಪಾರ್ಟ್‌ಮೆಂಟಿಗೆ ಯಾವ ಆಶಾನೂ ಬಂದಿಲ್ಲ. ಬಂದವರನ್ನು ಗೇಟಲ್ಲೇ ವಾಪಸ್ ಕಳಿಸಿದ್ದರಂತೆ!

ಅವಳಿ ಅಮ್ಮ: ಮಂಡ್ಯದವರೇ, ತೂಕ ನೋಡಿ ಹೋದರೆ ಬಾಣಂತನ ಆಯ್ತಾ? ನೀರು ಯಾರು ಹಾಕಿದ್ದು?

ಮಂಡ್ಯದ ಸೊಸೆ: ನಮ್ಮತ್ತೆ. ಅದು ಆಶಾ ಕೆಲಸ ಅಲ್ಲ ರೀ. ಆರೂ ಭೇಟಿ ಮುಗಿಸಿದರೆ ಅವರಿಗೆ ಸಿಗೋದು 250 ರೂಪಾಯಿ. ನಿಮ್ಮ ಮೂರು ದಿನದ ಆಟೋ ದುಡ್ಡು.

ಪುಟ್ಟಿ ಅಪ್ಪ: ಎಣ್ಣೆಯವರ ಸುದ್ದಿ ನನ್ನ ಕೇಳಿ. ಮೂಗಿಗೆ ಎಣ್ಣೆ ಬಿಟ್ಟರು. ಬಾಗಿಲು ಹಾಕಿ ಸಾಂಬ್ರಾಣಿ ಹೊಗೆ ಬೇರೆ. ಕೆಮ್ಮಿ ಕೆಮ್ಮಿ ಮಗು ನೀಲಿಯಾಯಿತು. ಆಸ್ಪತ್ರೆಯಲ್ಲಿ ಮೂರು ರಾತ್ರಿ, 41,300. ಸ್ಕ್ಯಾನಿಂಗ್ ಬೇರೆ ಬಿಲ್ಲು.

ಹುಬ್ಬಳ್ಳಿ ಅಜ್ಜಿ: ನಾಲ್ಕು ಮಕ್ಕಳು, ಆರು ಮೊಮ್ಮಕ್ಕಳಿಗೆ ಲೋಬಾನ ಹಾಕೀನಿ. ಒಂದೂ ಕೆಮ್ಮಿಲ್ಲ. ಬಾಗಿಲಾ ಹಾಕಿದ್ದು ಯಾರಪ್ಪಾ?

ಪುಟ್ಟಿ ಅಪ್ಪ: ಬಿಲ್ ಕಟ್ಟಿದ್ದು ನಾನು ಅಜ್ಜಿ.

ಕೆಂಗೇರಿ: ಜಗಳ ಬೇಡ. ಆಶಾ ನಂಬರ್ ಎಲ್ಲಿ ಸಿಗುತ್ತೆ?

ಮಂಡ್ಯದ ಸೊಸೆ: ತಾಯಿ ಕಾರ್ಡ್ ತೆಗೆದು ನೋಡಿ. ಇಲ್ಲದಿದ್ದರೆ ಅಂಗನವಾಡಿಯಲ್ಲಿ ಕೇಳಿ.

ಹುಬ್ಬಳ್ಳಿ ಅಜ್ಜಿ: ಕೆಂಡ ಹೊರಗ ಇಡಬೇಕಿತ್ತು.

ಪುಟ್ಟಿ ಅಪ್ಪ: ಹೊರಗಿಟ್ಟರೆ ಹೊಗೆ ಮಗುಗೆ ಹೇಗೆ ತಾಗುತ್ತೆ ಅಜ್ಜಿ?